ಕಡಂಗ, ಉಪ್ಪಿನ ಬೇಲಿ, ಮೊಲದ ತಂತಿ: ಜಗತ್ತು ಮರೆತ ಉದ್ದನೆಯ ಗಡಿಗಳು

ನಾಪೋಕ್ಲು_ಓದುಗ

ಕೊಡಗಿನ ಕಡಂಗಗಳ, ಅಂದರೆ ಉದ್ದಕ್ಕೂ ತೋಡಿದ ಹಳೆಯ ಕಂದಕ ಮತ್ತು ಮಣ್ಣಿನ ದಿಬ್ಬಗಳ ಬಗ್ಗೆ ಬ್ರಿಟಿಷರ ಕಾಲದ ಬರಹಗಳಲ್ಲಿ ಮತ್ತೆ ಮತ್ತೆ ಸಿಗುವ ಅಂಕಿ ಇದು. ದಿಬ್ಬದ ಎತ್ತರ 15ರಿಂದ 25 ಅಡಿ, ಪಕ್ಕದ ಕಂದಕ 10 ಅಡಿ ಆಳ, 8ರಿಂದ 10 ಅಡಿ ಅಗಲ. ಎಲ್ಲ ಸೇರಿಸಿದರೆ ಉದ್ದ 500ರಿಂದ 600 ಮೈಲಿ. 9 ಮತ್ತು 10ನೇ ಶತಮಾನದ ಶಾಸನಗಳಲ್ಲೇ ಇವುಗಳ ಉಲ್ಲೇಖ ಇದೆ. ಹಾಗಾಗಿ ಇವನ್ನು ಕೊಡಗನ್ನಾಳಿದ ಕೊನೆಯ ಮನೆತನವಾದ ಹಾಲೇರಿ ಅರಸರ ತಲೆಗೆ ಕಟ್ಟುವಂತಿಲ್ಲ, ಅವರಿಗಿಂತ ಆರೇಳು ಶತಮಾನ ಹಿಂದಿನ ಮಾತು.

ಇಷ್ಟು ದೊಡ್ಡ ಕೆಲಸ ನಮ್ಮ ತೋಟದೊಳಗೇ ಬಿದ್ದಿದ್ದರೂ ಪ್ರವಾಸಿಗರ ಪಟ್ಟಿಯಲ್ಲಿ ಅಬ್ಬಿ, ರಾಜಾಸೀಟು ಬಿಟ್ಟು ಬೇರೆ ಇಲ್ಲ. ತಿಳಿದವರು ಇದ್ದೀರಿ, ಮೂರು ಪ್ರಶ್ನೆ. ಈ ಅಳತೆ ಲೆಕ್ಕಕ್ಕೆ ಕೂರುತ್ತದೆಯೇ? ಜಗತ್ತಿನಲ್ಲಿ ಇಂಥವು ಬೇರೆಲ್ಲಿವೆ? ತೋಟದೊಳಗೆ ಒಂದು ಹಳೇ ಗುಂಡಿಸಾಲು ಸಿಕ್ಕರೆ ಅದು ಕಡಂಗವೋ ಬರೀ ಚರಂಡಿಯೋ ಎಂದು ಹೇಗೆ ತಿಳಿಯುವುದು?

ಚೈನು_ಸರ್ವೆ

ಮೊದಲನೆಯದಕ್ಕೆ ಲೆಕ್ಕ ಹಾಕೋಣ.

ಕಂದಕ 10 ಅಡಿ ಆಳ, ಅಗಲ ಸರಾಸರಿ 9 ಅಡಿ. ಅಡ್ಡಕೊಯ್ತ 90 ಚದರಡಿ. ಒಂದಡಿ ಉದ್ದಕ್ಕೆ 90 ಘನ ಅಡಿ ಮಣ್ಣು ಬರುತ್ತದೆ. ಅದನ್ನು ಪಕ್ಕಕ್ಕೆ ಸುರಿದು 45 ಡಿಗ್ರಿ ಇಳಿಜಾರು ಕೊಟ್ಟರೆ ದಿಬ್ಬದ ಅಡ್ಡಕೊಯ್ತ ಎತ್ತರದ ವರ್ಗಕ್ಕೆ ಸಮ. 90ರ ವರ್ಗಮೂಲ ಸುಮಾರು ಒಂಬತ್ತೂವರೆ. ಅಂದರೆ ಆ ಮಣ್ಣಿನಲ್ಲಿ ನೆಲದಿಂದ ಒಂಬತ್ತೂವರೆ ಅಡಿಗಿಂತ ಎತ್ತರದ ದಿಬ್ಬ ಏಳುವುದಿಲ್ಲ. ನೆಲದಿಂದ 15 ಅಡಿ ಏಳಬೇಕಾದರೆ 225 ಚದರಡಿ ಮಣ್ಣು ಬೇಕು, ಎರಡೂವರೆ ಪಟ್ಟು. ಅದು ಎಲ್ಲಿಂದ ಬಂತು?

ನನ್ನ ಪ್ರಕಾರ 15ರಿಂದ 25 ಅಡಿ ಎಂದು ಬರೆದದ್ದು ಕಂದಕದ ತಳದಿಂದ ದಿಬ್ಬದ ನೆತ್ತಿಯವರೆಗಿನ ಎತ್ತರ. 10 ಕೂಡಿಸು ಒಂಬತ್ತೂವರೆ, ಹತ್ತೊಂಬತ್ತೂವರೆ ಅಡಿ. 15ಕ್ಕೂ 25ಕ್ಕೂ ಸರಿ ನಡುವೆ ಬಂದು ಕೂರುತ್ತದೆ. 25ರ ಹತ್ತಿರ ಹೋಗುವುದು ಗುಡ್ಡೆಯ ಓರೆಯಲ್ಲಿ, ದಿಬ್ಬವನ್ನು ಇಳಿಜಾರಿನ ಕೆಳಮಗ್ಗುಲಿಗೆ ಹಾಕಿದ ಕಡೆ. ಅಲ್ಲಿ ಹೊರಮೈ ತಾನಾಗಿ ಉದ್ದ ಕಾಣುತ್ತದೆ.

ಇನ್ನು ಆಳುಲೆಕ್ಕ. ಮೈಲಿಗೆ 5,280 ಅಡಿ, 90ರಿಂದ ಗುಣಿಸಿದರೆ 4,75,200 ಘನ ಅಡಿ, ಅಂದರೆ 4,752 ಬ್ರಾಸು (ಒಂದು ಬ್ರಾಸು 100 ಘನ ಅಡಿ). ಇಂದಿನ ಲೋಕೋಪಯೋಗಿ ದರಪಟ್ಟಿಯಲ್ಲಿ ಮಣ್ಣುಕೆಲಸದ ಮೊದಲ ಎತ್ತುವಿಕೆ ಒಂದೂವರೆ ಮೀಟರಿಗೆ ಮಾತ್ರ. ಅದಕ್ಕಿಂತ ಆಳಕ್ಕೆ ಹೋದರೆ ಗುದ್ದಲಿಯಿಂದ ನೇರ ಎಸೆಯಲಾಗದು. ನಡುವೆ ಒಂದು ಮೆಟ್ಟಿಲು ಬಿಟ್ಟು ಅಲ್ಲಿಂದ ಇನ್ನೊಬ್ಬ ಎತ್ತಬೇಕು, ಇಲ್ಲವೇ ಬುಟ್ಟಿಯಲ್ಲಿ ಹೊರಬೇಕು. ಹಾಗಾಗಿ ಆಳಿಗೆ ದಿನಕ್ಕೆ ಅರ್ಧ ಬ್ರಾಸು ಎಂದೇ ಹಿಡಿಯುತ್ತೇನೆ. ಮೈಲಿಗೆ ಒಂಬತ್ತೂವರೆ ಸಾವಿರ ಆಳುದಿನ. 550 ಮೈಲಿಗೆ 52 ಲಕ್ಷ.

ಪುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದ ಮೇಲೆ ಏಪ್ರಿಲ್ ಮಳೆ ಬೀಳುವ ತನಕ ಬಿಡುವು. ವರ್ಷಕ್ಕೆ 60 ದಿನ 5,000 ಆಳು ಹಚ್ಚಿದರೂ 17 ವರ್ಷ ಬೇಕು. ಒಬ್ಬ ಅರಸ ಒಂದು ಯುದ್ಧಕ್ಕೆಂದು ತೋಡಿಸಿದ್ದು ಎಂಬ ಮಾತು ಇಲ್ಲಿಗೇ ಬಿತ್ತು. ತಲೆಮಾರುಗಟ್ಟಲೆ, ನಾಡುನಾಡಿನವರು (ಇಲ್ಲಿ ನಾಡು ಎಂದರೆ ಹಳ್ಳಿಗಳ ಗುಂಪು) ತಮ್ಮ ತಮ್ಮ ಪಾಲು ತೋಡಿದ್ದೇ ಇರಬೇಕು.

ಕಿಗ್ಗಟ್ಟುನಾಡು_ಮೇಷ್ಟ್ರು

ಸರ್ವೆಯವರ ಕೊನೆಯ ಮಾತಿಗೆ ಸರಿಹೊಂದುವ ಉದಾಹರಣೆ ನೈಜೀರಿಯಾದಲ್ಲಿದೆ. ಬೆನಿನ್ ನಗರದ ಸುತ್ತಲಿನ ಮಣ್ಣಿನ ದಿಬ್ಬ ಮತ್ತು ಕಂದಕಗಳಿಗೆ ಅಲ್ಲಿಯವರು ‘ಇಯಾ’ ಎನ್ನುತ್ತಾರೆ. ಊರೊಳಗಿನದು ಬರೀ 15 ಕಿ.ಮೀ. ಹಳ್ಳಿಗಾಡಿನದು ಅಂದಾಜು 16,000 ಕಿ.ಮೀ., ಸುಮಾರು 6,500 ಚದರ ಕಿ.ಮೀ. ಪ್ರದೇಶದಲ್ಲಿ. ಪ್ಯಾಟ್ರಿಕ್ ಡಾರ್ಲಿಂಗ್ ಎಂಬ ಪುರಾತತ್ವಜ್ಞ ಕಾಡಿನಲ್ಲಿ ನಡೆದು ನಡೆದು ಅಳೆದದ್ದು. ಅದನ್ನು ಒಂದೇ ಕೋಟೆಗೋಡೆ ಎಂದು ಬರೆಯುವವರಿದ್ದಾರೆ, ತಪ್ಪು. ಅವು ನೂರಾರು ಹಳ್ಳಿಗಳು ತಂತಮ್ಮ ಹೊಲ, ಕಾಡಿಗೆ ಸುತ್ತು ಹಾಕಿಕೊಂಡ ಕಂದಕಗಳು. ಪಕ್ಕದ ಹಳ್ಳಿ ತನ್ನ ಸುತ್ತನ್ನು ಹಳೆಯದಕ್ಕೆ ತಾಗಿಸಿ ತೋಡುತ್ತ ಹೋಗಿ ಅಷ್ಟಗಲ ಬಲೆಯಾಯಿತು.

ಕೊಡಗಿನ ವಿಸ್ತೀರ್ಣ 4,102 ಚದರ ಕಿ.ಮೀ. 550 ಮೈಲಿ ಎಂದರೆ 885 ಕಿ.ಮೀ. ಒಂದು ಚದರ ಕಿ.ಮೀ.ಗೆ ನಮ್ಮಲ್ಲಿ ಸುಮಾರು 200 ಮೀಟರ್ ಕಡಂಗ, ಬೆನಿನ್‌ನಲ್ಲಿ ಎರಡೂವರೆ ಕಿ.ಮೀ. ನಮ್ಮದು ಹತ್ತು ಪಟ್ಟಿಗಿಂತ ಹೆಚ್ಚು ವಿರಳ. ಆದರೆ ನಮ್ಮ ಕಡಂಗಗಳೂ ಒಂದೇ ಗೆರೆಯಲ್ಲಿ ಓಡುವುದಿಲ್ಲ. ಕವಲೊಡೆಯುತ್ತವೆ, ಕೆಲವೆಡೆ ಗುಡ್ಡೆಯ ನೆತ್ತಿಯನ್ನು ಸುತ್ತುತ್ತವೆ. ರಾಜ್ಯದ ಗಡಿ ಹೀಗೆ ನಡೆಯುವುದಿಲ್ಲ, ನಾಡುಗಳ ಗಡಿ ನಡೆಯುತ್ತದೆ.

ಇನ್ನೊಂದು, ಅದೇ ದೇಶದ ಇಜೆಬು ಸೀಮೆಯ ‘ಸುಂಗ್ಬೋಸ್ ಎರೆಡೊ’. ಸುಮಾರು 160 ಕಿ.ಮೀ. ಸುತ್ತಳತೆ, ಕೆಲವೆಡೆ ತಳದಿಂದ ನೆತ್ತಿಗೆ 20 ಮೀಟರ್. ಸಾವಿರ ವರ್ಷದ ಹಿಂದಿನದು. ಬಿಲಿಕಿಸು ಸುಂಗ್ಬೋ ಎಂಬ ಶ್ರೀಮಂತ ವಿಧವೆ ತೋಡಿಸಿದಳೆಂದು ಸ್ಥಳಪುರಾಣ. ಆಕೆಯೇ ಶೀಬಾದ ರಾಣಿ ಎಂದು ಸೇರಿಸುವವರೂ ಇದ್ದಾರೆ, ಶೀಬಾದ ಕಥೆ ಅದಕ್ಕಿಂತ ಬಹಳ ಹಿಂದಿನದು ಎಂಬುದನ್ನು ಮರೆತು.

ಹಾರಂಗಿ_ಎಡದಂಡೆ

ಮೇಷ್ಟ್ರೇ, 20 ಮೀಟರ್ ಕಡಿದಾದ ಮಣ್ಣು ಸಾವಿರ ವರ್ಷ ಹೇಗೆ ನಿಂತಿತು? ನಮ್ಮಲ್ಲಿ ರಸ್ತೆಗೆಂದು ಕಡಿದ ಬರೆ ಒಂದು ಮಳೆಗಾಲ ದಾಟುವುದಿಲ್ಲ.

ಚೈನು_ಸರ್ವೆ

ಮಣ್ಣಿನ ಜಾತಿ. ಎರೆಡೊ ಇರುವುದು ಜಂಬಿಟ್ಟಿಗೆ ಮಣ್ಣಿನಲ್ಲಿ. ಹಸಿಯಿದ್ದಾಗ ಕಡಿಯಬಹುದು, ಗಾಳಿ ಬಿಸಿಲು ತಾಗಿದರೆ ಗಟ್ಟಿಯಾಗುತ್ತದೆ. ಅದಕ್ಕೇ ಕಂದಕದ ಗೋಡೆಯನ್ನು ಬಹುತೇಕ ನೇರ ಇಳಿಸಿದ್ದಾರೆ. ಮೇಲೆ ಕಾಡು ಮುಚ್ಚಿ ಹನಿ ನೇರ ಬಡಿಯುವುದು ನಿಂತಿತು.

ರಸ್ತೆ ಬರೆ ಕುಸಿಯುವುದಕ್ಕೆ ಕಾರಣ ಬೇರೆ. ಗುಡ್ಡೆಯ ಬುಡ ಕಡಿದು, ಮೇಲಿನ ಭಾರ ಹಾಗೇ ಬಿಟ್ಟು, ಮೇಲಿಂದ ಬರುವ ನೀರಿಗೆ ದಾರಿ ಮಾಡದಿದ್ದರೆ ಯಾವ ಮಣ್ಣೂ ನಿಲ್ಲದು. ಕಡಂಗ ತೋಡಿದವರು ಬುಡ ಕಡಿದಿಲ್ಲ. ಏಣಿನ (ಗುಡ್ಡೆಯ ಬೆನ್ನಿನ) ಮೇಲೆ, ಇಲ್ಲವೇ ಓರೆಗೆ ಅಡ್ಡಡ್ಡ ಸಾಗಿದ್ದಾರೆ.

ಸೀಗೆಮೆಳೆ

ಮಣ್ಣು ಬಿಟ್ಟು ಮುಳ್ಳಿನ ಕಡೆ ಬರುತ್ತೇನೆ. ನಮ್ಮದೇ ದೇಶದಲ್ಲಿದ್ದು ನಮಗೇ ಗೊತ್ತಿಲ್ಲದ ಗಡಿಯೆಂದರೆ ಬ್ರಿಟಿಷರ ಉಪ್ಪಿನ ಬೇಲಿ, ಸರ್ಕಾರಿ ಹೆಸರು ‘ಇನ್‌ಲ್ಯಾಂಡ್ ಕಸ್ಟಮ್ಸ್ ಲೈನ್’. 1869ರಲ್ಲಿ ಸಿಂಧೂ ನದಿಯಿಂದ ಮಹಾನದಿಯವರೆಗೆ 2,300 ಮೈಲಿ ಇತ್ತು. ಕಾವಲಿಗೆ ಸುಮಾರು 12,000 ಜನ.

ಕಾರಣ ಸರಳ. ಬಂಗಾಳ ಪ್ರಾಂತದಲ್ಲಿ ಉಪ್ಪಿನ ತೆರಿಗೆ ಮಣಕ್ಕೆ 3 ರೂಪಾಯಿ ಮೀರಿತ್ತು. ಪಶ್ಚಿಮದಲ್ಲಿ ರಾಜಪುತಾನದ ಸಂಸ್ಥಾನಗಳಲ್ಲಿ, ಸಾಂಭರ್ ಸರೋವರದ ಉಪ್ಪು ಅಗ್ಗ. ಕಳ್ಳಸಾಗಣೆ ತಡೆಯಲು ಮೊದಲು ಚೌಕಿ ಹಾಕಿದರು. ಚೌಕಿಗಳ ನಡುವೆ ನುಸುಳುತ್ತಾರೆಂದು ಒಣ ಮುಳ್ಳು ಒಟ್ಟಿದರು. ಸಮಸ್ಯೆ ಶುರುವಾದದ್ದು ಅಲ್ಲಿ. ಒಣ ಬೇಲಿಗೆ ಮೈಲಿಗೆ ಸುಮಾರು 250 ಟನ್ ಮುಳ್ಳು ಬೇಕು, ಮೈಲಿಗಟ್ಟಲೆ ದೂರದಿಂದ ಹೊತ್ತು ತರಬೇಕು. ತಂದದ್ದನ್ನು ಗೆದ್ದಲು ತಿನ್ನುತ್ತದೆ, ಇಲಿ ಕೊರೆಯುತ್ತದೆ, ಬೇಸಿಗೆಯಲ್ಲಿ ಒಂದು ಕಿಡಿ ಸಾಕು, ಬಿರುಗಾಳಿ ಬಂದರೆ ಫರ್ಲಾಂಗುಗಟ್ಟಲೆ ಹಾರಿಹೋಗುತ್ತದೆ. ವರ್ಷವರ್ಷವೂ ಮತ್ತೆ ಒಟ್ಟಬೇಕು.

ಆಗ ಜೀವಂತ ಬೇಲಿಯ ಯೋಚನೆ ಬಂತು. 1867ರಿಂದ ಆ ಇಲಾಖೆಯ ಕಮಿಷನರ್ ಆಗಿದ್ದದ್ದು ಅಲನ್ ಆಕ್ಟೇವಿಯನ್ ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬನಾದ ಅದೇ ಹ್ಯೂಮ್. ಉಪ್ಪಿನ ಸತ್ಯಾಗ್ರಹ ಮಾಡಿದ ಪಕ್ಷದ ಹುಟ್ಟಿಗೆ ಕೈಹಾಕಿದವನು ಉಪ್ಪಿಗೆ ಬೇಲಿ ಬೆಳೆಸಿದವನೇ. ಚರಿತ್ರೆಗೆ ಇಂಥ ಕುಚೋದ್ಯ ಹೊಸತಲ್ಲ.

ಬೆಳೆಸಿದ ವಿಧಾನ ಹೀಗೆ. ಸಾಲಿನುದ್ದಕ್ಕೂ ಕಾಲುವೆ ತೋಡಿ, ಮಣ್ಣು ಸರಿಯಿಲ್ಲದ ಕಡೆ ಬೇರೆಡೆಯಿಂದ ಒಳ್ಳೇ ಮಣ್ಣು ತಂದು ತುಂಬಿಸಿದರು. ನೆರೆ ನುಗ್ಗುವ ಕಡೆ ಏರಿ ಹಾಕಿ ಅದರ ಮೇಲೆ ನೆಟ್ಟರು. ನೀರುಣಿಸಲು ಬಾವಿ, ಕಟ್ಟೆ. ಪಕ್ಕದಲ್ಲೇ ಗಸ್ತಿನ ದಾರಿ. ಎಲ್ಲ ಕಡೆ ಒಂದೇ ಗಿಡ ಅಲ್ಲ, ನೆಲ ನೋಡಿ ಗಿಡ: ಎಲಚಿ, ಜಾಲಿ, ಕವಳಿ, ಬಂಜರಿನಲ್ಲಿ ಪಾಪಸುಕಳ್ಳಿ, ಎತ್ತರದ ಕಳ್ಳಿ. ಚೆನ್ನಾಗಿ ಬಂದ ಕಡೆ 10ರಿಂದ 14 ಅಡಿ ಎತ್ತರ, 6ರಿಂದ 12 ಅಡಿ ದಪ್ಪ. ಬರೀ ಕಲ್ಲು ಇದ್ದಲ್ಲಿ ಕಲ್ಲುಗೋಡೆಯೇ ಗತಿ.

ಇಷ್ಟಾದರೂ ಉಪ್ಪು ನುಸುಳಿತು. ಮೂಟೆಯನ್ನು ಬೇಲಿಯ ಮೇಲಿಂದ ಎಸೆಯುವುದು, ಉಪ್ಪು ಹೇರಿದ ಒಂಟೆ, ದನದ ಮಂದೆಯನ್ನು ಒಟ್ಟಿಗೇ ನುಗ್ಗಿಸುವುದು, ಕಾವಲಿನವನ ಕೈ ಬೆಚ್ಚಗೆ ಮಾಡುವುದು. ಕೊನೆಗೆ ಬೇಲಿ ಬಿದ್ದದ್ದು ಲೆಕ್ಕದ ಪುಸ್ತಕದಲ್ಲಿ. 1870ರ ಹೊತ್ತಿಗೆ ಸಾಂಭರ್ ಸರೋವರವನ್ನೇ ಗುತ್ತಿಗೆಗೆ ಹಿಡಿದರು, ತೆರಿಗೆಯನ್ನು ಉಪ್ಪು ಹುಟ್ಟುವ ಜಾಗದಲ್ಲೇ ವಸೂಲು ಮಾಡಿದರು, ಪ್ರಾಂತಗಳ ದರಗಳನ್ನು ಹತ್ತಿರ ತಂದರು. ದರದಲ್ಲಿ ಅಂತರ ಇಲ್ಲದಿದ್ದರೆ ಕದ್ದು ಸಾಗಿಸಿ ಲಾಭವೇನು? 1879ರ ಏಪ್ರಿಲ್ 1ರಂದು ಕಾವಲು ಕೈಬಿಟ್ಟರು. ಬೇಲಿಯನ್ನು ಜನ ಸೌದೆಗೆ ಕಡಿದರು, ಗಸ್ತಿನ ದಾರಿ ಕೆಲವೆಡೆ ರಸ್ತೆಯಾಯಿತು. ಈಗ ಉಳಿದಿರುವುದು ಅಲ್ಲಲ್ಲಿ ಏರಿಯ ತುಂಡು ಮಾತ್ರ.

ಕೊಡಗಿಗೆ ಆ ಬೇಲಿ ತಾಗಲಿಲ್ಲ, ದಕ್ಷಿಣಕ್ಕೇ ಬರಲಿಲ್ಲ. ಇಲ್ಲಿಂದ ಅಕ್ಕಿ ಘಟ್ಟ ಇಳಿದು ಮಲಬಾರಿಗೆ ಹೋಗುತ್ತಿತ್ತು, ಉಪ್ಪು, ಒಣಮೀನು ಅಲ್ಲಿಂದ ಮೇಲೆ ಬರುತ್ತಿತ್ತು.

ರೋಬಸ್ಟಾ_ರೈಟರ್

ಅಕ್ಕ, ಜೀವಂತ ಬೇಲಿ ಹಾಕಿದ ಯಾರಿಗೂ ಈ ಕಥೆ ಅರ್ಥವಾಗುತ್ತದೆ. ಬೇಲಿ ಕೆಡುವುದು ಬುಡದಲ್ಲಿ. ಮೇಲೆ ಬಿಸಿಲು ಸಿಕ್ಕಿ ಗಿಡ ಎತ್ತರಕ್ಕೆ ಹೋದಂತೆ ಬುಡ ಬೋಳಾಗುತ್ತದೆ, ಹಂದಿ ನುಸುಳುವಷ್ಟು ಸಂದು ಬಿಡುತ್ತದೆ. ಮೊದಲ ಎರಡು ಮೂರು ವರ್ಷ ಮೊಣಕಾಲೆತ್ತರಕ್ಕೆ ಸವರುತ್ತ ಬಂದರೆ ಮಾತ್ರ ಬುಡದಿಂದ ಚಿಗುರು ಕವಲೊಡೆದು ದಟ್ಟ ಕಟ್ಟುತ್ತದೆ. ಎತ್ತರದ ಆಸೆಗೆ ಸವರದೆ ಬಿಟ್ಟವರದ್ದು ಸಾಲುಮರವಾಗುತ್ತದೆ, ಬೇಲಿಯಾಗುವುದಿಲ್ಲ. ಇನ್ನು ಬಂದಳಿಕೆ, ಬಳ್ಳಿ ಹತ್ತಿದರೆ ಕಿತ್ತುಹಾಕಲು ಪ್ರತಿವರ್ಷ ಆಳು ಬೇಕೇ ಬೇಕು. ಸಾವಿರಾರು ಮೈಲಿಗೆ ಇದನ್ನು ಮಾಡಿಸಲು ಹೊರಟರಲ್ಲ!

ಬೆಟ್ಟದಳ್ಳಿ_ಹುಡುಗ

ಗಡಿ ಅಂದ ಮೇಲೆ ಕೂಚ್ ಬಿಹಾರದ ಚಿಟ್‌ಮಹಲ್ ಬಿಡಬಾರದು. ಬಾಂಗ್ಲಾದೇಶದೊಳಗೆ ಭಾರತದ 111 ತುಣುಕು, ಭಾರತದೊಳಗೆ ಬಾಂಗ್ಲಾದ 51. 2015ರ ಜುಲೈ 31ರ ನಡುರಾತ್ರಿ ಅದಲುಬದಲು ಆದವು. ದಹಲಾ ಖಗ್ರಾಬರಿ ಎಂಬ ಒಂದು ಹೊಲವಂತೂ ಬಾಂಗ್ಲಾದೊಳಗಿನ ಭಾರತದೊಳಗಿನ ಬಾಂಗ್ಲಾದೊಳಗಿನ ಭಾರತವಾಗಿತ್ತು. ಬೇಲಿಯೂ ಇರಲಿಲ್ಲ, ಕಂದಕವೂ ಇರಲಿಲ್ಲ, ಎಲ್ಲ ಕಾಗದದ ಮೇಲೆ.

ಕಿಗ್ಗಟ್ಟುನಾಡು_ಮೇಷ್ಟ್ರು

ಒಳ್ಳೆಯ ವಿಷಯವೇ ತಮ್ಮಾ, ಅದಕ್ಕೆ ಬೇರೆ ಎಳೆ ಬೇಕು. ಇಲ್ಲಿ ಮಣ್ಣು, ಮುಳ್ಳು, ತಂತಿ ಮುಗಿಸೋಣ.

ರೋಬಸ್ಟಾ_ರೈಟರ್

ತಂತಿ ಎಂದಿರಿ, ಹಾಗಾದರೆ ಪಶ್ಚಿಮ ಆಸ್ಟ್ರೇಲಿಯಾದ ಮೊಲದ ಬೇಲಿ. 1859ರಲ್ಲಿ ವಿಕ್ಟೋರಿಯಾದಲ್ಲಿ ಬೇಟೆಯ ಮೋಜಿಗೆಂದು ಎರಡು ಡಜನ್ ಮೊಲ ಬಿಟ್ಟದ್ದು ಖಂಡದ ತುಂಬ ಹರಡಿತು. ಪಶ್ಚಿಮದ ಗೋಧಿ ಸೀಮೆ ಉಳಿಸಲು 1901ರಲ್ಲಿ ಕೆಲಸ ಶುರು, 1907ಕ್ಕೆ ಮೊದಲ ಬೇಲಿ ಮುಗಿಯಿತು, 1,833 ಕಿ.ಮೀ. ಮೂರು ಬೇಲಿ ಸೇರಿ 3,256 ಕಿ.ಮೀ.

ಕಟ್ಟಿದ ರೀತಿ ನೋಡಿ. 12 ಅಡಿಗೊಂದು ಗೂಟ, ದಪ್ಪ ಕನಿಷ್ಠ 4 ಇಂಚು. ನೆಲದಿಂದ 4 ಇಂಚು, 1 ಅಡಿ 8 ಇಂಚು, 3 ಅಡಿ ಎತ್ತರಕ್ಕೆ ಮೂರು ತಂತಿ. ಅದಕ್ಕೆ ಬಲೆ ಕಟ್ಟಿ, ಬಲೆಯ ಅಂಚನ್ನು 6 ಇಂಚು ಮಣ್ಣಿನೊಳಗೆ ಹೂತರು, ಮೊಲ ತೋಡಿ ನುಸುಳಬಾರದೆಂದು. ನಾಯಿ, ನರಿ ಹಾರುತ್ತವೆಂದು ಆಮೇಲೆ ಮೇಲೊಂದು ಮುಳ್ಳುತಂತಿ, ಅದರ ಮೇಲೊಂದು ಸಾದಾ ತಂತಿ.

ಕೆಟ್ಟದ್ದು ಎಲ್ಲಿ? ಕೈಗೆ ಸಿಕ್ಕ ಕೆಲವು ಜಾತಿಯ ಮರ ಗೂಟಕ್ಕೆ ಹಾಕಿದರು, ಗೆದ್ದಲು ಹಿಡಿಯಿತು. ಗಾಳಿಗೆ ಮರಳು ಬೇಲಿಗೆ ಒರಗಿ ರಾಶಿಯಾದ ಕಡೆ ಮೊಲ ಅದರ ಮೇಲೇ ನಡೆದು ದಾಟಿತು. ದೊಡ್ಡ ಪ್ರಾಣಿ ಬಡಿದು ಹರಿದ ತೂತು, ಹೊಳೆ ಹಾದುಹೋಗುವ ಜಾಗ, ಮುಚ್ಚದೆ ಬಿಟ್ಟ ಗೇಟು. ಎಲ್ಲಕ್ಕಿಂತ ದೊಡ್ಡದು, 1902ರಲ್ಲೇ ಇನ್ನೂ ಮುಗಿಯದ ಬೇಲಿಯ ಪಶ್ಚಿಮಕ್ಕೆ ಮೊಲ ಕಂಡಿತ್ತು. ಕಾವಲಿನವರು ಒಂಟೆ ಕಟ್ಟಿಕೊಂಡು ನೂರಾರು ಮೈಲಿ ಓಡಾಡಿ ದುರಸ್ತಿ ಮಾಡಿದರು. ಮೊಲದ ಸಂಖ್ಯೆ ನಿಜವಾಗಿ ಇಳಿದದ್ದು 1950ರಲ್ಲಿ ಮಿಕ್ಸೋಮಾ ವೈರಾಣು ಬಿಟ್ಟ ಮೇಲೆ.

ಪೂರ್ವದ ಕಡೆ ಇರುವ ಡಿಂಗೊ ಬೇಲಿ ಇನ್ನೂ ಉದ್ದ, 5,614 ಕಿ.ಮೀ. ಅದು ಇಂದಿಗೂ ಕೆಲಸ ಮಾಡುತ್ತಿದೆ, ಏಕೆಂದರೆ ಇಂದಿಗೂ ಸಂಬಳ ಕೊಟ್ಟು ದುರಸ್ತಿ ಮಾಡಿಸುತ್ತಿದ್ದಾರೆ. ಬೇಲಿಯ ಬೆಲೆ ಕಟ್ಟಿದ ದಿನ ಕೊಟ್ಟದ್ದಲ್ಲ, ಆಮೇಲೆ ಪ್ರತಿವರ್ಷ ಕೊಡುವುದು. ಇದನ್ನು ನಮ್ಮ ಆನೆ ಕಂದಕಕ್ಕೂ ಅನ್ವಯಿಸಿಕೊಳ್ಳಬಹುದು.

ಹಾರಂಗಿ_ಎಡದಂಡೆ

ಆನೆ ಕಂದಕ ಎಂದದ್ದು ಸರಿಯಾಯಿತು. ಕಡಂಗದ ಅಳತೆ ಇನ್ನೊಮ್ಮೆ ನೋಡಿ: 10 ಅಡಿ ಆಳ, 8ರಿಂದ 10 ಅಡಿ ಅಗಲ. ಅರಣ್ಯದಂಚಿನಲ್ಲಿ ಇವತ್ತು ಹಿಟಾಚಿಯಲ್ಲಿ ತೋಡುವ ಆನೆ ಕಂದಕ ಮೇಲೆ 3 ಮೀಟರ್ ಅಗಲ, 3 ಮೀಟರ್ ಆಸುಪಾಸು ಆಳ, ತಳ ಕಿರಿದು. ಹೆಚ್ಚುಕಮ್ಮಿ ಅದೇ! ಆನೆ ಹಾರುವ ಪ್ರಾಣಿಯಲ್ಲ. ಅದರ ಒಂದು ಹೆಜ್ಜೆಗಿಂತ ಅಗಲ, ಇಳಿದರೆ ಹತ್ತಲಾಗದಷ್ಟು ಆಳ ಇದ್ದರೆ ಸಾಕು. ಹಾಗಿದ್ದರೆ ಕಡಂಗ ಯುದ್ಧಕ್ಕಲ್ಲ, ಗದ್ದೆ ಕಾಯಲು ತೋಡಿದ್ದು ಎನ್ನಬಾರದೇಕೆ?

ಕಿಗ್ಗಟ್ಟುನಾಡು_ಮೇಷ್ಟ್ರು

ಅಳತೆ ಹೊಂದುತ್ತದೆ ಎಂದಮಾತ್ರಕ್ಕೆ ಉದ್ದೇಶ ಒಂದೇ ಎನ್ನಲಾಗದು. ಗುದ್ದಲಿ ಹಿಡಿದ ಮನುಷ್ಯ ಒಂದು ನಡುಮೆಟ್ಟಿಲಿನಿಂದ ತೋಡಬಹುದಾದ ಆಳ 10 ಅಡಿ. ಯಾರು ಯಾವುದಕ್ಕೆ ತೋಡಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ. ಗುಡ್ಡೆಯ ನೆತ್ತಿಗೆ ಸುತ್ತು ಹಾಕಿದ ಕಡಂಗಕ್ಕೆ ಗದ್ದೆ ಕಾಯುವ ಕಾರಣ ಕೂರುವುದಿಲ್ಲ, ಗದ್ದೆ ಇರುವುದು ಕೆಳಗೆ.

ಆದರೆ ಯುದ್ಧದ ವಾದದಲ್ಲೂ ಹುಳುಕಿದೆ. 550 ಮೈಲಿ ದಿಬ್ಬದ ಮೇಲೆ 10 ಅಡಿಗೊಬ್ಬನನ್ನು ನಿಲ್ಲಿಸಿದರೆ 2,90,400 ಜನ ಬೇಕು. 1901ರ ಜನಗಣತಿಯಲ್ಲಿ ಹೆಂಗಸರು ಮಕ್ಕಳು ಸೇರಿ ಇಡೀ ಕೊಡಗಿನ ಜನಸಂಖ್ಯೆ 1,80,607. ಕಡಂಗ ಕಾಯಲು ಆಗುವ ಗೋಡೆಯೇ ಅಲ್ಲ. ಅದು ತಡಮಾಡಿಸುವ ಸಾಧನ. ಕದ್ದ ದನ ಹೊಡೆದುಕೊಂಡು ಹೋಗುವವನು 10 ಅಡಿ ಕಂದಕಕ್ಕೆ ಮಂದೆ ಇಳಿಸಿ ಹತ್ತಿಸಲಾರ, ದಾರಿ ಬಿಟ್ಟಿರುವ ಬಾಯಿಗೇ ಬರಬೇಕು. ಆ ಬಾಯಲ್ಲಿ ನಾಲ್ಕು ಜನ ಇದ್ದರೆ ಸಾಕು.

ಹಾಲೇರಿ ಅರಸರ ಕಾಲದ ಉಕ್ಕಡಗಳದ್ದೂ ಇದೇ ಸೂತ್ರ. ಘಟ್ಟದ ಇಕ್ಕಟ್ಟಿನಲ್ಲಿ ಮರದ ದಿಮ್ಮಿ, ಬಿದಿರು, ಮಣ್ಣಿನ ತಡೆ, ಹಿಂದೆ ಸ್ವಲ್ಪವೇ ಜನ. 1834ರ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ ನಾಲ್ಕು ಕಡೆಯಿಂದ ಬಂದಾಗ ಉತ್ತರದ ಕರ್ನಲ್ ವಾನ ತುಕಡಿ ಇಂಥದೊಂದು ತಡೆಯ ಮುಂದೆ ಸೋತು ಹಿಂದೆ ಸರಿಯಿತು. 55ನೇ ರೆಜಿಮೆಂಟಿನ ಕರ್ನಲ್ ಮಿಲ್ ಅಲ್ಲೇ ಸತ್ತ. ಮಡಿಕೇರಿ ಬಿದ್ದದ್ದು ಕುಶಾಲನಗರದ ಕಡೆಯಿಂದ ಬಂದ ಕರ್ನಲ್ ಫ್ರೇಸರ್ ಜೊತೆಗಿನ ತುಕಡಿಗೆ, ಅಲ್ಲಿ ಅರಸನೇ ಕಾದಾಟ ನಿಲ್ಲಿಸಿದ್ದ.

ಹಾರಂಗಿ_ಎಡದಂಡೆ

2,90,400ರ ಲೆಕ್ಕ ಒಪ್ಪಿದೆ. ಆದರೂ ಕಾಡಂಚಿನ ಗದ್ದೆಬದಿಯ ಕಡಂಗಗಳಿಗೆ ಎರಡೂ ಕೆಲಸ ಇದ್ದಿರಬಹುದು ಎಂಬುದನ್ನು ಬಿಟ್ಟುಕೊಡುವುದಿಲ್ಲ.

ಆನೆ ಕಂದಕ ಇವತ್ತು ಕೆಡುವ ಬಗೆ ಗೊತ್ತಿದ್ದರೆ ಹಳೆಯದನ್ನು ಓದುವುದು ಸುಲಭ. ಮೊದಲನೆಯದಾಗಿ, ಕೊಲ್ಲಿ (ಸಣ್ಣ ತೊರೆ) ಅಡ್ಡ ಬಂದ ಜಾಗ. ನೀರು ಹರಿಯಬೇಕಾದ್ದರಿಂದ ಅಲ್ಲಿ ಕಂದಕ ನಿಲ್ಲಿಸಲೇಬೇಕು, ಆನೆ ಅಲ್ಲಿಗೇ ಬರುತ್ತದೆ. ಬಂಡೆ ಸಿಕ್ಕಲ್ಲೂ ಹೀಗೆಯೇ. ಮಡಿಕೇರಿ ಸುತ್ತ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಎರಡು ಮಳೆಗಾಲಕ್ಕೆ ಅಂಚು ಜರಿದು ತಳ ತುಂಬುತ್ತದೆ. ಅಂಚು ಸಡಿಲವಾದ ಕಡೆ ಆನೆ ಮುಂಗಾಲಿನಲ್ಲಿ ಮಣ್ಣು ಕೆಡವಿ ಇಳಿಜಾರು ಮಾಡಿಕೊಳ್ಳುತ್ತದೆ. ದಾರಿಗೆಂದು ಬಿಟ್ಟ ಬಾಯಿಗೆ ರಾತ್ರಿ ಗೇಟು ಹಾಕದಿದ್ದರೆ ಮಿಕ್ಕ ಮೈಲಿಗಳೆಲ್ಲ ದಂಡ.

ಸೋಲಾರ್ ಬೇಲಿಯ ಹುಳುಕು ಬೇರೆ. ಮಳೆಗಾಲದಲ್ಲಿ ಕಳೆ ತಂತಿಗೆ ತಾಗಿ ವಿದ್ಯುತ್ ಭೂಮಿಗೆ ಸೋರುತ್ತದೆ, ಬೇಸಿಗೆಯಲ್ಲಿ ಒಣಮಣ್ಣು ಅರ್ಥಿಂಗ್ ಕೊಡದೆ ಹೊಡೆತ ಮಂಕಾಗುತ್ತದೆ. ಆನೆಯ ದಂತಕ್ಕೆ ಷಾಕು ಹತ್ತದು, ದಂತದಲ್ಲೇ ತಂತಿ ಮೀಟುತ್ತದೆ, ಇಲ್ಲವೇ ಒಣಮರ ಕೆಡವುತ್ತದೆ. ಹಳೆ ರೈಲುಕಂಬಿಯ ಬ್ಯಾರಿಕೇಡು ಇವೆಲ್ಲಕ್ಕಿಂತ ಗಟ್ಟಿ, ದುಬಾರಿಯೂ ಹೌದು. ಅದನ್ನೂ ಹತ್ತಿ ದಾಟಲು ಹೋಗಿ ಸಿಕ್ಕಿಕೊಂಡು ಆನೆ ಸತ್ತದ್ದು ನಾಗರಹೊಳೆ ಅಂಚಿನಲ್ಲಿ ನಡೆದಿದೆ.

ಸೀಗೆಮೆಳೆ

ಉದ್ದೇಶ ತಿಳಿಯಲು ಒಂದು ಗುರುತು ಇದೆ: ದಿಬ್ಬ ಯಾವ ಮಗ್ಗುಲಿಗಿದೆ. ಇಂಗ್ಲೆಂಡ್ ವೇಲ್ಸ್ ನಡುವಿನ ಆಫಾನ ದಿಬ್ಬ ನೋಡಿ. ಮರ್ಸಿಯಾದ ಅರಸ ಆಫಾ ಆಳಿದ್ದು 757ರಿಂದ 796. ಈಗ ಸ್ಪಷ್ಟ ಕಾಣುವುದು ಸುಮಾರು 130 ಕಿ.ಮೀ. ಕಂದಕ ಪಶ್ಚಿಮಕ್ಕೆ, ದಿಬ್ಬ ಪೂರ್ವಕ್ಕೆ. ಅಂದರೆ ತೋಡಿದವರು ಪೂರ್ವದವರು, ಅಂಜಿಕೆ ವೇಲ್ಸ್ ಕಡೆಯದು. ಆನೆ ಕಂದಕದ ಮಣ್ಣನ್ನೂ ಊರಿನ ಮಗ್ಗುಲಿಗೇ ಹಾಕುತ್ತಾರೆ. ಕಾಡಿನ ಮಗ್ಗುಲಿಗೆ ಹಾಕಿದರೆ ಆನೆಗೆ ಏರಿ ಕಟ್ಟಿಕೊಟ್ಟಂತೆ.

ಕಡಂಗದ ದಿಬ್ಬ ಮೈಲಿಗಟ್ಟಲೆ ಒಂದೇ ಮಗ್ಗುಲಿಗಿದ್ದರೆ ಅದು ಆ ಮಗ್ಗುಲಿನ ನಾಡಿನದು. ಎರಡೂ ಮಗ್ಗುಲಿಗೆ ಸಮನಾಗಿ ಹಂಚಿದ್ದರೆ ಇಬ್ಬರೂ ಒಪ್ಪಿ ತೋಡಿದ ಗಡಿ ಇರಬಹುದು, ಅಥವಾ ಕಾಲಾಂತರದಲ್ಲಿ ಹೂಳೆತ್ತಿ ಎದುರು ದಡಕ್ಕೂ ಹಾಕಿದ್ದಿರಬಹುದು.

ಚೈನು_ಸರ್ವೆ

ಮಗ್ಗುಲಿನ ಗುರುತಿಗೆ ಒಂದು ಅಪವಾದ ಸೇರಿಸಿಕೊಳ್ಳಿ. ಕಡಿದಾದ ಓರೆಯಲ್ಲಿ ಯಾರೇ ತೋಡಿದರೂ ಮಣ್ಣನ್ನು ಕೆಳಕ್ಕೇ ಎಸೆಯುತ್ತಾರೆ, ಮೇಲಕ್ಕೆ ಎತ್ತುವ ಶ್ರಮ ಯಾರಿಗೂ ಬೇಡ. ಆದ್ದರಿಂದ ಏಣಿನ ಮೇಲೆ, ಸಮತಟ್ಟಿನಲ್ಲಿ ಇರುವ ತುಂಡನ್ನಷ್ಟೇ ಸಾಕ್ಷಿಗೆ ಹಿಡಿಯಬೇಕು.

ಇನ್ನು ಮೂರನೆಯ ಪ್ರಶ್ನೆ, ಗುರುತಿಸುವುದು. ತೋಟದ ಚರಂಡಿ, ತೊಟ್ಟಿಲುಗುಂಡಿಗಳು ಒಂದು ಒಂದೂವರೆ ಅಡಿಯವು, ಗುಡ್ಡೆಯ ಸಮಮಟ್ಟ ಹಿಡಿದೇ ಸಾಗುತ್ತವೆ. ಗದ್ದೆಗೆ ನೀರು ತರುವ ತೋಡು ಕೂಡ ಸಮಮಟ್ಟ ಬಿಡದು, ಬಿಟ್ಟರೆ ನೀರು ಹರಿಯದು. ಕಡಂಗಕ್ಕೆ ಆ ಹಂಗಿಲ್ಲ. ಗುಡ್ಡೆ ಹತ್ತಿ ಇಳಿದು ನೇರ ಹೋಗುತ್ತದೆ, ಗದ್ದೆ ಸಿಕ್ಕಲ್ಲಿ ಮಾಯವಾಗಿ ಆಚೆ ಬದಿಯಲ್ಲಿ ಮತ್ತೆ ಏಳುತ್ತದೆ. ಹಳೆ ಓಣಿಯ ಜೊತೆ ಗೊಂದಲ ಸಹಜ. ಓಣಿ ಎರಡು ಜಾಗಗಳನ್ನು ಸೇರಿಸುತ್ತದೆ, ಐನ್‌ಮನೆ (ಕುಟುಂಬದ ಮೂಲಮನೆ), ಗದ್ದೆ, ದೇವಸ್ಥಾನ ಹೀಗೆ. ತಳ ಸಮ, ನಡೆದು ಸವೆದದ್ದು, ಪಕ್ಕಕ್ಕೆ ಸುರಿದ ದಿಬ್ಬ ಇರುವುದಿಲ್ಲ.

ಅಳೆಯಬೇಕೆಂದರೆ ಜನವರಿ ಫೆಬ್ರವರಿ ಸರಿ, ಲಂಟಾನ ಒಣಗಿ ತೆರವಿರುತ್ತದೆ. ಬೇಕಾದ್ದು 30 ಮೀಟರ್ ಟೇಪು, ಆರಡಿಯ ಗುರುತು ಹಾಕಿದ ಎರಡು ಕೋಲು, ನೀರು ತುಂಬಿದ ಪಾರದರ್ಶಕ ಪೈಪು, ಒಂದು ಹಾರೆ. ಕಂದಕದ ದಿಕ್ಕಿಗೆ ಸರಿಯಾಗಿ ಅಡ್ಡ, ದಿಬ್ಬದ ಹೊರಬುಡದಿಂದ ಎದುರು ದಡದಾಚೆ 10 ಅಡಿಯವರೆಗೆ ಟೇಪನ್ನು ಮಟ್ಟವಾಗಿ ಎಳೆಯಿರಿ. ಪ್ರತಿ 2 ಅಡಿಗೆ ಟೇಪಿನಿಂದ ನೆಲದವರೆಗಿನ ಇಳಿತ ಬರೆಯಿರಿ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ, ಒಂದು ತುದಿ ಎತ್ತಿ ನೀರು ಹರಿಯಬಿಟ್ಟು ಗುಳ್ಳೆ ತೆಗೆಯಬೇಕು. ತಳದಲ್ಲಿ ಹಾರೆ ಊರಿ ನೋಡಿ. ಮೆತ್ತಗೆ ಇಳಿಯುವಷ್ಟೂ ಹೂಳು, ಗಟ್ಟಿ ತಾಗಿದ್ದು ಮೂಲ ತಳ. ಹೂಳಿನ ಆಳ ಕೂಡಿಸದೆ ಅಳೆದವರಿಗೆ 10 ಅಡಿಯದು 6 ಅಡಿ ಕಾಣುತ್ತದೆ. ಒಂದೇ ಅಡ್ಡಕೊಯ್ತ ಸಾಲದು, ನೂರು ಹೆಜ್ಜೆಗೊಂದು ಬೇಕು.

ಮೊಬೈಲಿನ ಜಿಪಿಎಸ್ ಸಿಲ್ವರ್ ಓಕ್ ನೆರಳಿನಲ್ಲಿ ಹತ್ತಾರು ಮೀಟರ್ ಆಚೀಚೆ ಹೋಗುತ್ತದೆ. ಒಂದೇ ಜಾಗದಲ್ಲಿ ಕೆಲವು ನಿಮಿಷ ನಿಲ್ಲಿಸಿ ಸರಾಸರಿ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ಉಚಿತ ಸಿಗುವ 30 ಮೀಟರಿನ ಎತ್ತರ ನಕ್ಷೆಯಲ್ಲಿ ಕಡಂಗ ಹುಡುಕಬೇಡಿ. ಅದರ ಒಂದು ಚುಕ್ಕೆ 30 ಮೀಟರ್, ಕಡಂಗ 3 ಮೀಟರ್. ಸರ್ವೆ ಆಫ್ ಇಂಡಿಯಾದ 48 ಪಿ ಹಾಳೆಗಳಲ್ಲಿ ಕೊಡಗಿನ ಬಹುಭಾಗ ಬರುತ್ತದೆ. ಗ್ರಾಮದ ಗಡಿ ಗೆರೆಯನ್ನು ಅದರ ಮೇಲೆ ಇಟ್ಟು ನೋಡಿ, ಗಡಿ ಗುಡ್ಡೆಯ ಮೇಲೆ ಕೊಲ್ಲಿಯೂ ಇಲ್ಲದೆ ಏಣೂ ಇಲ್ಲದೆ ವಿನಾಕಾರಣ ಬಾಗಿದ ಕಡೆ ಹೋಗಿ ಹುಡುಕುವುದು ಲಾಭ.

ನಾಪೋಕ್ಲು_ಓದುಗ

ಕೊನೆಯದು ತುಂಬ ಉಪಯೋಗದ ಮಾತು, ಸರ್. ಕಲ್ಲು ಮಣ್ಣು ಎರಡೂ ಅಲ್ಲದ ಇನ್ನೊಂದನ್ನು ನಾನೂ ಸೇರಿಸುತ್ತೇನೆ: ಇರಾನಿನ ಗೊರ್ಗಾನ್ ಗೋಡೆ. ಸುಮಾರು 195 ಕಿ.ಮೀ., ಸಾಸಾನಿಯನ್ನರ ಕಾಲದ್ದು, 5ನೇ ಶತಮಾನದ ಆಸುಪಾಸು. ಅಲ್ಲಿನ ಬಯಲಿನಲ್ಲಿ ಕಲ್ಲಿಲ್ಲ. ಹಾಗಾಗಿ ಗೋಡೆಯುದ್ದಕ್ಕೂ ಮೊದಲು ಕಾಲುವೆ ತೋಡಿದರು, ಆ ಮಣ್ಣನ್ನೇ ಆ ನೀರಿನಲ್ಲಿ ಕಲಸಿ, ಪಕ್ಕದಲ್ಲೇ ಸಾವಿರಾರು ಗೂಡುಗಳಲ್ಲಿ ಸುಮಾರು 40 ಸೆಂ.ಮೀ. ಚೌಕದ ಇಟ್ಟಿಗೆ ಸುಟ್ಟರು. ಸಾಗಾಟವೇ ಇಲ್ಲ. ಇಟ್ಟಿಗೆಯ ಬಣ್ಣಕ್ಕೆ ಅದನ್ನು ಕೆಂಪು ಹಾವು ಎನ್ನುತ್ತಾರೆ. ಈಗ ಬಹುತೇಕ ನೆಲಸಮ, ಇಟ್ಟಿಗೆಯನ್ನು ಊರಿನವರು ಮನೆಗೆ ಒಯ್ದರು. ಬೆನಿನ್‌ನಲ್ಲೂ ದಿಬ್ಬದ ಮಣ್ಣು ಗೋಡೆ ಕಟ್ಟಲು ಹೋಯಿತು, ಕಂದಕ ಕಸ ಸುರಿಯುವ ಜಾಗವಾಯಿತು.

ರೋಬಸ್ಟಾ_ರೈಟರ್

ಕಸಕ್ಕಿಂತ ನಮ್ಮಲ್ಲಿ ನೀರಿನ ಚಿಂತೆ. ಕಡಂಗ ಗುಡ್ಡೆಯ ಇಳಿಜಾರಿಗೆ ನೇರ ಇಳಿಯುವ ಕಡೆ ತೋಟದ ಚರಂಡಿ ನೀರನ್ನು ಅದಕ್ಕೆ ತಿರುಗಿಸುವವರಿದ್ದಾರೆ, ಸುಲಭ ಎಂದು. ಅದು ಕಾಲುವೆಯಾಗಿ ಕೊರೆದು ತಳ ಇಳಿಯುತ್ತದೆ, ಅಂಚು ಜರಿಯುತ್ತದೆ, ಮಳೆ ಹೆಚ್ಚಾದ ವರ್ಷ ಕೆಳಗಿನ ಬರೆಯನ್ನೇ ಎಳೆದುಕೊಂಡು ಹೋಗಬಹುದು. 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ಮೇಲೆ ಈ ಅಪಾಯ ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ 30, 40 ಅಡಿಗೊಂದು ಕಾಡುಕಲ್ಲಿನ ಅಡ್ಡತಡೆ, ಎರಡಡಿ ಎತ್ತರ ಸಾಕು, ನಡು ತಗ್ಗಿಸಿ ಅಂಚು ಏರಿಸಿ ಕಟ್ಟಿ. ನಡು ಏರಿಸಿ ಕಟ್ಟಿದರೆ ನೀರು ಪಕ್ಕಕ್ಕೆ ಸರಿದು ದಿಬ್ಬವನ್ನೇ ತಿನ್ನುತ್ತದೆ. ಸಿಮೆಂಟು ಬೇಡ.

ದಿಬ್ಬದ ಮೇಲಿನ ಹಳೆ ಮರ ಕಡಿಯಬೇಡಿ, ಬೇರು ಕೊಳೆತ ಮೂರ್ನಾಲ್ಕು ವರ್ಷಕ್ಕೆ ದಿಬ್ಬ ಪೊಳ್ಳಾಗಿ ಕೂರುತ್ತದೆ. ಇನ್ನು ದಿಬ್ಬ ತಳ್ಳಿ ಕಂದಕ ಮುಚ್ಚಿ ಗಿಡ ನೆಡುವ ಆಲೋಚನೆ ಇರುವವರಿಗೆ ಲೆಕ್ಕ: ಸಿಗುವುದು ಹೆಚ್ಚೆಂದರೆ 30 ಅಡಿ ಅಗಲದ ಪಟ್ಟಿ. ತುಂಬಿದ ಮಣ್ಣು ಕೂರಲು ಹಲವು ಮಳೆಗಾಲ ಬೇಕು, ಅಷ್ಟರಲ್ಲಿ ನೆಟ್ಟ ರೋಬಸ್ಟಾ ಕಾಫಿ ಗಿಡದ ಬೇರು ಸಡಿಲವಾಗಿ ವಾಲುತ್ತದೆ.

ಬೆಟ್ಟದಳ್ಳಿ_ಹುಡುಗ

ಒಂದು ಸಂದೇಹ. ಜಾಗ ಖಾಸಗಿ ತೋಟದ್ದಾದರೆ ಅಳೆಯಲು ಏನು ಮಾಡಬೇಕು?

ಚೈನು_ಸರ್ವೆ

ಮೊದಲು ತೋಟದವರ ಒಪ್ಪಿಗೆ, ರೈಟರ (ತೋಟದ ಗುಮಾಸ್ತರ) ಮೂಲಕ ಕೇಳಿದರೆ ಬೇಗ ಆಗುತ್ತದೆ. ಪಿಕ್ಕಿಂಗ್ ನಡೆಯುವ ಬ್ಲಾಕಿಗೆ ಆ ವಾರ ಹೋಗಬೇಡಿ. ಗಡಿ ತಕರಾರು ಇರುವ ಬಾಣೆ (ಗದ್ದೆಯ ಜೊತೆಗಿನ ಕಾಡುಜಾಗ) ಆದರೆ ಟೇಪು ಹಿಡಿದು ನಿಲ್ಲುವ ಮೊದಲು ಎರಡೂ ಕಡೆಯವರಿಗೆ ತಿಳಿಸಿ, ಇಲ್ಲದಿದ್ದರೆ ನಿಮ್ಮನ್ನು ಒಬ್ಬರ ಕಡೆಯ ಸರ್ವೆಯವನು ಎಂದುಕೊಳ್ಳುತ್ತಾರೆ. ಕಾಡಂಚಿನದಾದರೆ ಬೆಳಿಗ್ಗೆ ಎಂಟರ ಮೇಲೆ, ಸಂಜೆ ನಾಲ್ಕರೊಳಗೆ, ಆನೆ ಓಡಾಟ ವಿಚಾರಿಸಿಕೊಂಡು. ಅಳೆದ ಅಡ್ಡಕೊಯ್ತಗಳನ್ನು ಇಲ್ಲಿ ಹಾಕುವಾಗ ದಿಬ್ಬ ಯಾವ ದಿಕ್ಕಿಗಿದೆ ಎಂದು ಬರೆಯಲು ಮರೆಯಬೇಡಿ, ಅದಿಲ್ಲದೆ ಬಾಕಿ ಅಂಕಿಯಿಂದ ಪ್ರಯೋಜನ ಕಡಿಮೆ.